ಒಡಕು ದನಿಯ ಜೀನ್ ಆರ್ಥರ್

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ನೀವು ಯಾರೂ ರೇಡಿಯೋ ಮುಂದೆ ಸುಮ್ನೆ ಕೂತಿರುವುದಿಲ್ಲ. ಒಬ್ಬರು ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿರುತ್ತೀರಿ. ಇನ್ನೊಬ್ಬರು ಒಣಗಿದ ಬಟ್ಟೆ ಮಡಚುತ್ತಿರುತ್ತೀರಿ. ಕಣ್ಣು ಕೆಲಸದ ಮೇಲೆ, ಕಿವಿ ಮಾತ್ರ ಇತ್ತ ಕಡೆ. ನನಗೆ ಬೇಕಾಗಿರುವುದೂ ಅದೇ. ನಾನು ಇವತ್ತು ಹೇಳಲು ಬಂದಿರುವ ನಟಿಯನ್ನು ಮೊದಲು ಕಿವಿಯಿಂದಲೇ ಪರಿಚಯ ಮಾಡಿಕೊಳ್ಳಬೇಕು.

ಅವರ ಹೆಸರು ಜೀನ್ ಆರ್ಥರ್. 1930 ಮತ್ತು 40ರ ದಶಕದ ಹಾಲಿವುಡ್ ನಟಿ. ಹುಡುಗ ಹುಡುಗಿ ಜಗಳವಾಡುತ್ತಾ, ನಗಿಸುತ್ತಾ, ಕೊನೆಗೆ ಒಂದಾಗುವ ಆ ಕಾಲದ ಚಿತ್ರಗಳಲ್ಲಿ ಅವರಿಗೆ ಸಾಟಿ ಇರಲಿಲ್ಲ. ಹಳೆಯ ಹಾಲಿವುಡ್ ಅಂದ ಕೂಡಲೇ ಎಲ್ಲರೂ ಮರ್ಲಿನ್ ಮನ್ರೋ ಅನ್ನುತ್ತಾರೆ, ಆಡ್ರಿ ಹೆಪ್‌ಬರ್ನ್ ಅನ್ನುತ್ತಾರೆ. ಒಳ್ಳೆಯ ನಟಿಯರು, ನನ್ನ ತಕರಾರಿಲ್ಲ. ಆದರೆ ಅವರ ಬಗ್ಗೆ ಮಾತಾಡಲು ಬೇಕಾದಷ್ಟು ಜನ ಇದ್ದಾರೆ. ಈ ಹತ್ತು ನಿಮಿಷ ಜೀನ್ ಆರ್ಥರ್ ಅವರಿಗೆ.

ನಾನು ಮೂವತ್ತು ವರ್ಷ ಡಬ್ಬಿಂಗ್ ಥಿಯೇಟರಿನಲ್ಲಿ ಸೌಂಡ್ ರೆಕಾರ್ಡಿಸ್ಟ್ ಆಗಿದ್ದವನು. ಗಾಜಿನ ಈಚೆ ನಾನು, ಆಚೆ ಮೈಕ್ ಮುಂದೆ ಕಲಾವಿದರು. ಒಂದು ಸಾಲು ಹೇಳುವಾಗ ದನಿ ಸ್ವಲ್ಪ ಒಡೆಯಿತು ಅಂದುಕೊಳ್ಳಿ. ಕೂಡಲೇ ನಮ್ಮ ಬಾಯಲ್ಲಿ ಒಂದೇ ಮಾತು, ‘ಒನ್ ಮೋರ್’. ಮತ್ತೆ ಹೇಳಿಸುತ್ತೇವೆ. ನುಣುಪಾಗಿ ಬರುವವರೆಗೂ ಹೇಳಿಸುತ್ತೇವೆ.

ಜೀನ್ ಆರ್ಥರ್ ನಮ್ಮ ಥಿಯೇಟರಿಗೆ ಬಂದಿದ್ದರೆ ಪ್ರತಿ ಸಾಲಿಗೂ ಒನ್ ಮೋರ್ ಅನ್ನುತ್ತಿದ್ದೆವು. ಅವರದು ಒಡಕು ದನಿ. ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗರಿಗೆ ಗಂಟಲು ಒಡೆಯುತ್ತದಲ್ಲ, ಹಾಗೆ. ತಗ್ಗಿನಲ್ಲಿ, ಸ್ವಲ್ಪ ಗೊಗ್ಗರಾಗಿ ಶುರುವಾಗುತ್ತದೆ. ಮಾತಿನ ನಡುವೆ ಹೇಳದೆ ಕೇಳದೆ ಮೇಲಕ್ಕೆ ಹಾರುತ್ತದೆ. ಮತ್ತೆ ಕೆಳಗಿಳಿಯುತ್ತದೆ. ಅವರ ಅಭಿನಯವೆಲ್ಲ ಇರುವುದು ಆ ಒಡಕಿನಲ್ಲೇ. ಬಾಯಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ. ನಿಮಗೆ ಇವತ್ತು ಇಷ್ಟು ನೆನಪಿದ್ದರೆ ಸಾಕು. ಬಾಯಿ ಒಂದು ಹೇಳುತ್ತದೆ, ದನಿ ಇನ್ನೊಂದು.

ಅವರು ಹುಟ್ಟಿದ್ದು 1900ರಲ್ಲಿ, ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್ ಊರಿನಲ್ಲಿ. ಮನೆಯವರು ಇಟ್ಟ ಹೆಸರು ಗ್ಲಾಡಿಸ್ ಗ್ರೀನ್. 1923ರಲ್ಲಿ ಸಿನಿಮಾಕ್ಕೆ ಬಂದರು. ಆಗ ಇದ್ದದ್ದು ಮೂಕಿ ಸಿನಿಮಾ! ಇಂಥ ದನಿ ಇಟ್ಟುಕೊಂಡು ವರ್ಷಗಟ್ಟಲೆ ಬಾಯಿ ಅಲ್ಲಾಡಿಸಿದರು, ಒಬ್ಬರಿಗೂ ಕೇಳಿಸಲಿಲ್ಲ. ಕುದುರೆ ಸವಾರರ ಕಡಿಮೆ ಖರ್ಚಿನ ಚಿತ್ರಗಳಲ್ಲಿ ನಾಯಕನ ಪಕ್ಕ ನಿಲ್ಲುವ ಹುಡುಗಿ, ಅಷ್ಟೇ. ಟಾಕಿ ಬಂದಮೇಲೂ ಕೈ ಹತ್ತಲಿಲ್ಲ. ಹಾಲಿವುಡ್ ಬಿಟ್ಟು ನ್ಯೂಯಾರ್ಕಿಗೆ ಹೋಗಿ ನಾಟಕ ಮಾಡಿದರು. ತಿರುಗಿ ಬಂದಾಗ ಬೇರೆಯೇ ನಟಿಯಾಗಿದ್ದರು. 1936ರಲ್ಲಿ ಫ್ರ್ಯಾಂಕ್ ಕಾಪ್ರಾ ನಿರ್ದೇಶನದ ‘ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್’ ಬಂತು. ಅದರ ನಾಯಕಿಯ ಪಾತ್ರ ಮೊದಲು ಕ್ಯಾರೊಲ್ ಲೊಂಬಾರ್ಡ್ ಅನ್ನುವ ನಟಿಗೆ ಹೋಗಿತ್ತು. ಅವರು ಬಿಟ್ಟರು, ಇವರಿಗೆ ಸಿಕ್ಕಿತು. ಆಗ ವಯಸ್ಸು ಮೂವತ್ತೈದು. ಸಾವಿರ ಗೆಜ್ಜೆ ಒಟ್ಟಿಗೆ ಕಿಣಿಕಿಣಿ ಅಂದ ಹಾಗೆ ಅವರ ದನಿ ಒಡೆಯುತ್ತದೆ ಎಂಬರ್ಥದ ಮಾತನ್ನು ಕಾಪ್ರಾ ಬರೆದಿದ್ದಾರೆ. ಕಾಪ್ರಾಗೆ ಕಿವಿ ಇತ್ತು!

ಈಗ ಒಂದು ಸಂಜೆಯ ಕತೆ ಹೇಳುತ್ತೇನೆ. ನನ್ನನ್ನು ಈ ಕೆಲಸಕ್ಕೆ ಎಳೆದದ್ದೇ ಆ ಸಂಜೆ.

1980ರ ದಶಕದ ಶುರು. ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನ. ಬಾಡಿಗೆ ಹಾಲ್, ಮಡಚುವ ಕಬ್ಬಿಣದ ಕುರ್ಚಿಗಳು, ಹಿಂದೆ ಮೇಜಿನ ಮೇಲೆ 16 ಎಂ.ಎಂ. ಪ್ರೊಜೆಕ್ಟರ್. ಚಿತ್ರ ‘ದಿ ಮೋರ್ ದಿ ಮೆರಿಯರ್’. 1943ರದ್ದು, ಜಾರ್ಜ್ ಸ್ಟೀವನ್ಸ್ ನಿರ್ದೇಶನ. ಯುದ್ಧದ ಕಾಲದ ವಾಷಿಂಗ್ಟನ್ ನಗರ. ಕೆಲಸಕ್ಕೆಂದು ಜನ ಬಂದು ತುಂಬಿದ್ದಾರೆ, ಬಾಡಿಗೆಗೆ ಮನೆ ಸಿಗುವುದಿಲ್ಲ. ಕೋನಿ ಅನ್ನುವ ಹುಡುಗಿ ತನ್ನ ಮನೆಯ ಅರ್ಧ ಭಾಗವನ್ನು ಒಬ್ಬ ಮುದುಕರಿಗೆ ಬಾಡಿಗೆ ಕೊಡುತ್ತಾಳೆ. ಆ ಮುದುಕರು ತಮ್ಮ ಅರ್ಧದಲ್ಲಿ ಅರ್ಧವನ್ನು ಜೋ ಅನ್ನುವ ಹುಡುಗನಿಗೆ ಕೊಟ್ಟುಬಿಡುತ್ತಾರೆ. ಕೋನಿಗೆ ಆಗಲೇ ಪೆಂಡರ್‌ಗಾಸ್ಟ್ ಎಂಬ ಅಧಿಕಾರಿಯ ಜೊತೆ ಮದುವೆ ಗೊತ್ತಾಗಿದೆ. ಕೋನಿಯೇ ಜೀನ್ ಆರ್ಥರ್. ಜೋ ಪಾತ್ರದಲ್ಲಿ ಜೋಯಲ್ ಮೆಕ್ರೀ.

ರಾತ್ರಿ. ಜೋ ಮತ್ತು ಕೋನಿ ನಡೆದುಕೊಂಡು ಮನೆಗೆ ಬರುತ್ತಿದ್ದಾರೆ. ಅಷ್ಟರಲ್ಲಿ ಟಪ್ ಅಂತ ಪ್ರೊಜೆಕ್ಟರಿನ ಲ್ಯಾಂಪು ಹೋಯಿತು. ಪರದೆ ಕಪ್ಪಾಯಿತು. ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು.

ಆದರೆ ಮಾತು ನಿಲ್ಲಲಿಲ್ಲ. ಆ ಪ್ರೊಜೆಕ್ಟರುಗಳಲ್ಲಿ ಚಿತ್ರಕ್ಕೆ ದೊಡ್ಡ ಲ್ಯಾಂಪು ಒಂದು, ಸೌಂಡಿಗೆ ಪುಟ್ಟ ಲ್ಯಾಂಪು ಇನ್ನೊಂದು. ಫಿಲ್ಮಿನ ಅಂಚಿನಲ್ಲಿ ಸೌಂಡಿನ ಪಟ್ಟಿ ಇರುತ್ತದೆ. ಪುಟ್ಟ ಲ್ಯಾಂಪಿನ ಬೆಳಕು ಅದರ ಮೇಲೆ ಬೀಳುತ್ತಿದ್ದರೆ ಸಾಕು, ಸ್ಪೀಕರಿನಿಂದ ದನಿ ಬರುತ್ತದೆ. ಆಪರೇಟರ್ ಸ್ವಿಚ್ಚಿಗೆ ಕೈ ಹಾಕಿದರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ‘ನಿಲ್ಲಿಸಬೇಡಿ, ಓಡಲಿ ಬಿಡಿ. ಲ್ಯಾಂಪು ಬರೋವರೆಗೆ ಕೇಳೋಣ’ ಅಂದರು. ಒಬ್ಬ ಹುಡುಗ ಲ್ಯಾಂಪು ತರಲು ಸೈಕಲ್ ಹತ್ತಿ ಹೋದ. ನಾವೆಲ್ಲ ಕತ್ತಲಲ್ಲಿ ಕೂತು ಕೇಳಿದೆವು.

ಅವಳು ಪೆಂಡರ್‌ಗಾಸ್ಟನ ಗುಣಗಾನ ಮಾಡುತ್ತಿದ್ದಾಳೆ. ಲೆಕ್ಕ ಒಪ್ಪಿಸುವವರ ಹಾಗೆ ಅಚ್ಚುಕಟ್ಟಾದ ಮಾತು. ಒಂದು ಕಡೆ ಪದ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಸರಿಮಾಡಿಕೊಂಡು ಮುಂದೆ ಹೋಗುತ್ತಾಳೆ. ಇನ್ನೊಂದು ಕಡೆ ದನಿ ಸರ್ರನೆ ಮೇಲಕ್ಕೆ ಹಾರುತ್ತದೆ. ಉಸಿರು ಎಳೆದುಕೊಳ್ಳುತ್ತಾಳೆ. ಮತ್ತೆ ಪೆಂಡರ್‌ಗಾಸ್ಟ್. ಆದರೆ ಆ ಹೆಸರೇ ನಡುಗುತ್ತಿದೆ.

ಪಕ್ಕದಲ್ಲಿದ್ದ ಗೆಳೆಯನಿಗೆ ಆ ಇಂಗ್ಲಿಷ್ ಅಷ್ಟಾಗಿ ಹಿಡಿಯುತ್ತಿರಲಿಲ್ಲ. ‘ಏನಂತೆ?’ ಅಂದ.

‘ಇವನ ಮೇಲೆ ಮನಸ್ಸಾಗಿದೆ ಅವಳಿಗೆ’ ಅಂದೆ.

‘ಹಾಗಂತ ಹೇಳಿದಳಾ?’

‘ಇಲ್ಲ ಕಣೋ. ಬೇರೆಯವನನ್ನು ಹೊಗಳುತ್ತಿದ್ದಾಳೆ.’

ಅವನು ಸುಮ್ಮನಾದ. ಸ್ವಲ್ಪ ಹೊತ್ತಿಗೆ, ‘ಹೌದು ಕಣೋ, ನನಗೂ ಗೊತ್ತಾಗ್ತಿದೆ’ ಅಂದ. ಪದ ತಿಳಿಯದವನಿಗೂ ತಿಳಿಯಿತು! ಬಾಯಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ ಅಂದೆನಲ್ಲ, ಅದು ಇದೇ.

ಲ್ಯಾಂಪು ಬಂತು. ಯಂತ್ರ ಆರಿದ ಮೇಲೆ ಹಾಕಿದರು. ಆಪರೇಟರ್ ಪುಣ್ಯಾತ್ಮರು, ರೀಲನ್ನು ಹಿಂದಕ್ಕೆ ಸುತ್ತಿ ಅದೇ ದೃಶ್ಯವನ್ನು ಮತ್ತೆ ಹಾಕಿದರು. ಈ ಸಲ ನೋಡಿದೆವು. ದಾರಿಯುದ್ದಕ್ಕೂ ಜೋನ ಕೈ ಅವಳ ಹೆಗಲಿಗೆ, ಸೊಂಟಕ್ಕೆ ಬರುತ್ತಲೇ ಇದೆ. ಅವಳು ಮಾತು ನಿಲ್ಲಿಸದೆ ಅದನ್ನು ತೆಗೆಯುತ್ತಲೇ ಇದ್ದಾಳೆ. ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಅವನು ಅವಳ ಕುತ್ತಿಗೆಗೆ ಮುತ್ತು ಕೊಡುತ್ತಾನೆ. ಅವಳು ಪೆಂಡರ್‌ಗಾಸ್ಟನ ಬಗ್ಗೆ ಹೇಳುತ್ತಲೇ ಇದ್ದಾಳೆ. ಕತ್ತಲಲ್ಲಿ ನಾನು ಕೇಳಿದ ಒಂದೊಂದು ಒಡಕಿಗೂ ಅಲ್ಲಿ ಒಂದೊಂದು ಕಾರಣ ಇತ್ತು. ಕೊನೆಗೆ ಅವಳೇ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತು ಕೊಡುತ್ತಾಳೆ. ಆಮೇಲೆ ಎದ್ದು ಗುಡ್ ನೈಟ್ ಹೇಳಿ ಒಳಗೆ ಹೋಗುತ್ತಾಳೆ. ಅವನೂ ಗುಡ್ ನೈಟ್ ಹೇಳಿ ರಸ್ತೆಯಲ್ಲಿ ಹೊರಟುಬಿಡುತ್ತಾನೆ. ತಾನೂ ಅದೇ ಮನೆಯಲ್ಲಿ ಇರುವವನು ಅಂತ ಆಮೇಲೆ ನೆನಪಾಗುತ್ತದೆ! ಇಡೀ ಹಾಲ್ ನಕ್ಕಿತು.

ಅದರ ಹಿಂದೆಯೇ ಇನ್ನೊಂದು ದೃಶ್ಯ. ಇಬ್ಬರ ಕೋಣೆಗೂ ನಡುವೆ ತೆಳ್ಳನೆಯ ಗೋಡೆ. ಗೋಡೆಯ ಈಚೆ ಅವಳ ಹಾಸಿಗೆ, ಆಚೆ ಅವನದು. ಒಬ್ಬರಿಗೊಬ್ಬರು ಕಾಣುವುದಿಲ್ಲ, ಮಾತು ಮಾತ್ರ ಕೇಳಿಸುತ್ತದೆ. ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಹೇಳಿಕೊಳ್ಳುವುದು ಅಲ್ಲೇ. ನಾವು ಹತ್ತು ನಿಮಿಷ ಮುಂಚೆ ಹಾಲಿನಲ್ಲಿ ಹೇಗೆ ಕೂತಿದ್ದೆವೋ ಅವರೂ ಹಾಗೇ ಇದ್ದರು. ಕತ್ತಲು, ದನಿ, ಅಷ್ಟೇ.

ಈ ಚಿತ್ರಕ್ಕೇ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದು. ಇಡೀ ಜೀವನದಲ್ಲಿ ಅದೊಂದೇ ಸಲ, ಅದೂ ಬರಲಿಲ್ಲ. ಮುದುಕರ ಪಾತ್ರ ಮಾಡಿದ ಚಾರ್ಲ್ಸ್ ಕೋಬರ್ನ್ ಅವರಿಗೆ ಬಂತು. ನನಗೆ ಇವತ್ತಿಗೂ ಅದು ಸರಿ ಅನ್ನಿಸುವುದಿಲ್ಲ.

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ, ಹೊತ್ತು ಕಡಿಮೆ ಇದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

1937ರ ‘ಈಸಿ ಲಿವಿಂಗ್’ ನೋಡಿ. ಅದರಲ್ಲಿ ಅವರು ಮೇಲ್ಚಾವಣಿ ಇಲ್ಲದ ಬಸ್ಸಿನಲ್ಲಿ ಹೋಗುತ್ತಿರುತ್ತಾರೆ. ಮೇಲಿನಿಂದ ಒಂದು ದುಬಾರಿ ತುಪ್ಪಳದ ಕೋಟು ಬಂದು ತಲೆಯ ಮೇಲೆ ಬೀಳುತ್ತದೆ. ರೇಗಿ ಹಿಂದೆ ತಿರುಗಿದರೆ ಪೇಟ ಸುತ್ತಿದ ಒಬ್ಬಾತ ಕೂತಿದ್ದಾನೆ. ಇದೇನಿದು ಅಂತ ಕೇಳಿದರೆ ‘ಕಿಸ್ಮತ್’ ಅನ್ನುತ್ತಾನೆ, ಒಂದೇ ಮಾತು. ಆ ರೇಗಿದ ದನಿ ಕೇಳಿ. ಬೈಯುತ್ತಿದ್ದಾರೆ, ಆದರೆ ಒಳಗೊಳಗೇ ಖುಷಿ. 1939ರ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’, 1942ರ ‘ದಿ ಟಾಕ್ ಆಫ್ ದಿ ಟೌನ್’, ಇವೆರಡೂ ಇರಲಿ.

ಇಷ್ಟು ದೊಡ್ಡ ನಟಿಗೆ ಕ್ಯಾಮೆರಾ ಅಂದರೆ ಭಯ. ಶಾಟ್‌ಗೆ ಮುಂಚೆ ವಾಂತಿ ಆಗುವಷ್ಟು ಭಯ. ಅದನ್ನು ಹೇಳಿದವರೂ ಕಾಪ್ರಾ ಅವರೇ, ತಮಗೆ ಎಲ್ಲರಿಗಿಂತ ಮೆಚ್ಚಿನ ನಟಿ ಅಂತ ಹೇಳಿದವರೂ ಅವರೇ. ಆ ನಡುಕ ಒಂದು ಕಡೆಯಿಂದ ಹೊರಗೆ ಬರಲೇಬೇಕಲ್ವಾ? ದನಿಯಲ್ಲಿ ಬಂತು. 1944ರಲ್ಲಿ ಕೊಲಂಬಿಯಾ ಸ್ಟುಡಿಯೋ ಜೊತೆಗಿನ ಒಪ್ಪಂದ ಮುಗಿಯಿತು. ಆಮೇಲೆ ಮಾಡಿದ್ದು ಎರಡೇ ಚಿತ್ರ. ಕೊನೆಯದು 1953ರ ‘ಶೇನ್’, ಅವರ ಒಂದೇ ಒಂದು ಬಣ್ಣದ ಚಿತ್ರ. ಆಮೇಲೆ ಕೆಲವು ಕಾಲ ವಾಸರ್ ಕಾಲೇಜಿನಲ್ಲಿ ನಾಟಕ ಕಲಿಸಿದರು. ತೀರಿಕೊಂಡದ್ದು 1991ರಲ್ಲಿ, ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ.

ಒಂದು ವಿನಂತಿ. ಈಗ ಎಷ್ಟೋ ಜನ ಸೌಂಡ್ ಮ್ಯೂಟ್ ಮಾಡಿ, ಕೆಳಗಿನ ಸಬ್‌ಟೈಟಲ್ ಓದಿಕೊಂಡು ಸಿನಿಮಾ ನೋಡುತ್ತಾರೆ. ಬಸ್ಸಿನಲ್ಲಿ ಕಂಡಾಗಲೆಲ್ಲ ಸಂಕಟವಾಗುತ್ತದೆ. ಜೀನ್ ಆರ್ಥರ್ ಅವರ ಸಿನಿಮಾವನ್ನು ದಯವಿಟ್ಟು ಹಾಗೆ ನೋಡಬೇಡಿ. ಸಬ್‌ಟೈಟಲಿನಲ್ಲಿ ಬರುವುದು ಬಾಯಿ ಹೇಳಿದ ಮಾತು ಮಾತ್ರ.

ನಾನು ಹೇಳಿದ ಮೆಟ್ಟಿಲಿನ ದೃಶ್ಯ ಸಿಕ್ಕಿದರೆ ಮೊದಲ ಸಲ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಬರೀ ಕೇಳಿ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಮನೆಯಲ್ಲಿ ಇನ್ನೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಗಿದಮೇಲೆ ಫೋನನ್ನು ಎತ್ತಿ ನಿಲ್ಲಿಸಿ, ಅದೇ ದೃಶ್ಯವನ್ನು ಮತ್ತೆ ಹಾಕಿ ನೋಡಿ.

ನಮಸ್ಕಾರ.