ನಗುಮುಖ ಹಾಕದೆ ಉಳಿದ ಹೋಳಿಗೆ

ಕೇಳುಗರಿಗೆ ನಮಸ್ಕಾರ. ಮಕ್ಕಳು ಮೊಬೈಲಿನಲ್ಲಿ ಕಳಿಸುವ ನಗುಮುಖ ಕಂಡು ‘ಇದೆಂಥ ಹುಡುಗಾಟ’ ಎಂದು ಮೂಗು ಮುರಿಯುವ ಹಿರಿಯರೇ, ಈ ಮಾತು ನಿಮಗಾಗಿ. ಅದು ಮುಖವಲ್ಲ, ದನಿ. ಇಷ್ಟು ತಿಳಿದರೆ ಸಾಕು.

ಕಳೆದ ಎಳ್ಳು ಅಮಾವಾಸ್ಯೆಗೆ, ನಮ್ಮ ಧಾರವಾಡದ ಹೊಲಕ್ಕೆ ಚರಗ ಚೆಲ್ಲಲು ಬನ್ನಿ ಎಂದು ಹಾವೇರಿಯ ಬೀಗರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದೆ. ಸಲಿಗೆಯಿಂದ ಒಂದು ಸಾಲು ಸೇರಿಸಿದೆ: “ಬರದಿದ್ದರೂ ಚಿಂತೆಯಿಲ್ಲ, ಶೇಂಗಾ ಹೋಳಿಗೆ ನಮಗೇ ಉಳಿಯುತ್ತದೆ.” ಫೋನಿನಲ್ಲಾದರೆ ನಕ್ಕು ಹೇಳುತ್ತಿದ್ದೆ, ಅವರೂ ನಗುತ್ತಿದ್ದರು. ಇಲ್ಲಿ ಎರಡು ನೀಲಿ ಗುರುತು ಮೂಡಿದವು, ಉತ್ತರ ಬರಲಿಲ್ಲ. ಅಮಾವಾಸ್ಯೆಯ ದಿನ ಬನ್ನಿ ಗಿಡದ ಬುಡದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯದ ಬುತ್ತಿ ಇಟ್ಟುಕೊಂಡು ಬಿಸಿಲು ನೆತ್ತಿಗೇರುವ ತನಕ ದಾರಿ ಕಾದೆವು. ಹೋಳಿಗೆ ನಿಜಕ್ಕೂ ನಮಗೇ ಉಳಿಯಿತು. ಮರುದಿನ ಡಬ್ಬಿ ತುಂಬಿಕೊಂಡು ನಾನೇ ಹಾವೇರಿಯ ಬಸ್ ಹತ್ತಿದೆ. ಬೀಗರು ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಕೊನೆಗೆ ಆ ಮನೆಯ ಆರನೆಯ ತರಗತಿಯ ಹುಡುಗಿ ಫೋನು ನೋಡಿ, “ಅಜ್ಜ, ಇದಕ್ಕೊಂದು ನಗುಮುಖ ಹಾಕಬಾರದಿತ್ತೇ?” ಎಂದಳು. ಮೂವತ್ತು ವರ್ಷ ಭಾಷಾಶಾಸ್ತ್ರ ಕಲಿಸಿದವನಿಗೆ ಅವಳ ಪಾಠ!

ಅಮೆರಿಕದಲ್ಲಿ ಆದದ್ದೂ ಇದೇ. 1982ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೂಚನಾ ಫಲಕದಲ್ಲಿ ಯಾರೋ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂದು ತಮಾಷೆಗೆ ಬರೆದರು. ಕೆಲವರು ನಿಜವೆಂದೇ ನಂಬಿದರು. ಸೆಪ್ಟೆಂಬರ್ 19ರಂದು ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ ಉಪಾಯ ಹೇಳಿದರು: ತಮಾಷೆಯ ಮಾತಿಗೆ ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಮುಚ್ಚುವ ಕಂಸ ಹಾಕಿ. ತಲೆ ಎಡಕ್ಕೆ ವಾಲಿಸಿದರೆ ಕಣ್ಣು, ಮೂಗು, ನಗುವ ಬಾಯಿ. ಆಮೇಲೆ ಜನ ಮೂಗನ್ನೇ ಬಿಟ್ಟರು, ಆದರೂ ಅರ್ಥ ಕೆಡಲಿಲ್ಲ. ಮುಖವೇ ಮುಖ್ಯವಾಗಿದ್ದರೆ ಮೂಗಿಲ್ಲದೆ ನಡೆಯುತ್ತಿತ್ತೇ? ಸಾಲಿನ ಕೊನೆಯಲ್ಲಿ ನಿಂತು ‘ಇದನ್ನು ಇಂಥ ದನಿಯಲ್ಲಿ ಓದಿ’ ಎನ್ನುವುದಷ್ಟೇ ಅದರ ಕೆಲಸ.

ನಮ್ಮ ‘ಹೂಂ’ ಎನ್ನುವುದನ್ನೇ ನೋಡಿ. ಎಳೆದರೆ ಸಂಶಯ, ತುಂಡರಿಸಿದರೆ ಸಿಟ್ಟು, ತೂಗಿದರೆ ಕತೆ ಮುಂದುವರಿಸು ಎಂದು. ಕಾಗದದ ಮೇಲೆ ಮೂರೂ ಒಂದೇ. ದನಿ, ಸ್ವಾಮಿ, ದನಿ!

ಜಪಾನಿನ ವಿನ್ಯಾಸಕ ಶಿಗೆತಾಕಾ ಕುರಿತಾ 1999ರಲ್ಲಿ ಮೊಬೈಲಿಗೆಂದು ರೂಪಿಸಿದ 176 ಪುಟ್ಟ ಚಿತ್ರಗಳ ಬಗ್ಗೆಯೂ ಹೇಳಬೇಕೆಂದಿದ್ದೆ. ‘ಎ’ ಎಂದರೆ ಚಿತ್ರ, ‘ಮೊಜಿ’ ಎಂದರೆ ಅಕ್ಷರ, ಅದೇ ಎಮೋಜಿ. ಉಳಿದ ಸಮಯವನ್ನು ಹೋಳಿಗೆಯೇ ತಿಂದುಹಾಕಿತು.

ಈ ಸಲ ಶೀಗಿ ಹುಣ್ಣಿಮೆಗೆ ಬೀಗರನ್ನು ಮೂರು ನಗುಮುಖ ಹಾಕಿಯೇ ಕರೆದಿದ್ದೇನೆ. ಉತ್ತರವಾಗಿ ಒಂದು ಹೆಬ್ಬೆರಳು ಬಂದಿದೆ. ಬರುತ್ತೇವೆ ಎಂದೋ, ಓದಿದೆವು ಎಂದಷ್ಟೆಯೋ? ಸಂಜೆ ಫೋನು ಮಾಡಿ ಕೇಳಬೇಕು. ನಮಸ್ಕಾರ.