ಚಿಕ್ಕ ಝೂಗೇ ಕ್ವಾರಂಟೈನ್ ಹೆಚ್ಚು ಬೇಕು

ನಮಸ್ಕಾರ. ಇವತ್ತು ಹಕ್ಕಿಗಳ ಗೂಡುಪೆಟ್ಟಿಗೆ ಬಗ್ಗೆ ಮಾತಾಡಬೇಕಿತ್ತು, ಅದನ್ನ ಮುಂದಕ್ಕೆ ಹಾಕಿದ್ದೀನಿ. ಯಾಕಂದ್ರೆ ಹೋದ ವಿಡಿಯೊ ಕೆಳಗೆ ಒಂದು ಕಾಮೆಂಟ್ ಬಂದಿದೆ, ಅದನ್ನ ಸುಮ್ನೆ ಬಿಡೋಕಾಗ್ತಿಲ್ಲ. ಓದ್ತೀನಿ ಕೇಳಿ: "ಒಂದು ಮನೆಯವರು ಸೇರಿಕೊಂಡು ನಡೆಸೋ ಪುಟ್ಟ ಝೂ. ಹೊಸ ಪ್ರಾಣಿ ಬಂದ್ರೆ ತಿಂಗಳುಗಟ್ಲೆ ಬಚ್ಚಿಡೋದ್ಯಾಕೆ? ಕ್ವಾರಂಟೈನು ಗೀರಂಟೈನು ಎಲ್ಲ ದೊಡ್ಡ ಝೂಗಳಿಗೆ ಸರಿ." ಇದಕ್ಕೆ ಲೈಕ್ ಒತ್ತಿದವರೂ ಬೇಕಾದಷ್ಟು ಜನ ಇದ್ದಾರೆ.

ಪೂರ್ತಿ ಉಲ್ಟಾ ರೀ ಇದು. ಕ್ವಾರಂಟೈನ್ ದೊಡ್ಡ ಝೂಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಬೇಕಾಗಿರೋದು ಮನೆಯವರು ನಡೆಸೋ ಚಿಕ್ಕ ಝೂಗೆ. ಇವತ್ತು ನಾನು ಹೇಳೋದು ಇದೊಂದೇ ಮಾತು.

ದೊಡ್ಡ ಝೂನಲ್ಲಿ ಏನಿರುತ್ತೆ? ಕ್ವಾರಂಟೈನ್‌ಗೆ ಅಂತಲೇ ಬೇರೆ ಕಟ್ಟಡ, ಬೇರೆ ಚರಂಡಿ, ಬೇರೆ ಪಾಲಕರು, ಅಲ್ಲೇ ವೈದ್ಯರು. ಮನೆಯವರು ನಡೆಸೋ ಝೂನಲ್ಲಿ? ಬೆಳಿಗ್ಗೆ ಅಪ್ಪ ಮೇವು ಹಾಕ್ತಾರೆ, ಅಮ್ಮ ಹಣ್ಣು ಹೆಚ್ಚುತ್ತಾರೆ, ಮಗಳು ಆವರಣ ತೊಳೀತಾಳೆ, ಬಾಗಿಲು ತೆಗೆಯೋ ಹೊತ್ತಿಗೆ ಅದೇ ಮಗಳು ಟಿಕೆಟ್ ಹರೀತಿರ್ತಾಳೆ. ಒಂದೇ ತಳ್ಳುಗಾಡಿ, ಒಂದೇ ಪೊರಕೆ, ಒಂದೇ ಜೊತೆ ಗಮ್‌ಬೂಟು. ಆ ಬೂಟು ರಕೂನ್ ಮನೆಗೂ ಹೋಗುತ್ತೆ, ಮೊಲದ ಮನೆಗೂ ಹೋಗುತ್ತೆ, ಗಿಳಿ ಮನೆಗೂ ಹೋಗುತ್ತೆ. ರೋಗಕ್ಕೆ ಬೇರೆ ದಾರಿ ಯಾಕೆ ಬೇಕು?

ಆ ರಕೂನ್, ಕಣ್ಣಿನ ಸುತ್ತ ಕಪ್ಪು ಪಟ್ಟಿ ಇರೋ ಅಮೆರಿಕದ ಪ್ರಾಣಿ, ಅದರ ವಿಷಯವನ್ನೇ ತಗೊಳ್ಳಿ. ಅದರ ಕರುಳಲ್ಲಿ ಬೇಲಿಸ್ಕ್ಯಾರಿಸ್ ಅನ್ನೋ ದುಂಡುಹುಳ ಇರಬಹುದು. ರಕೂನ್‌ಗೆ ಅದರಿಂದ ಏನೂ ಆಗಲ್ಲ, ತಿಂದುಂಡು ಆರಾಮಾಗಿರುತ್ತೆ. ಆದ್ರೆ ಒಂದು ಹೆಣ್ಣು ಹುಳ ದಿನಕ್ಕೆ ಲಕ್ಷಕ್ಕೂ ಮೀರಿ ಮೊಟ್ಟೆ ಇಡುತ್ತೆ. ಮಲದ ಜೊತೆ ಹೊರಬಿದ್ದ ಮೊಟ್ಟೆ ಎರಡರಿಂದ ನಾಲ್ಕು ವಾರದಲ್ಲಿ ಸೋಂಕು ತಗಲಿಸೋಕೆ ತಯಾರಾಗುತ್ತೆ, ಆಮೇಲೆ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಮೊಲವೋ ಹಕ್ಕಿಯೋ ಅದನ್ನ ನುಂಗಿದ್ರೆ ಮರಿಹುಳ ಮಿದುಳಿಗೇ ಹೋಗಬಹುದು. ಕತ್ತು ವಾಲುತ್ತೆ, ಪ್ರಾಣಿ ಸುತ್ತು ಹಾಕೋಕೆ ಶುರು ಮಾಡುತ್ತೆ, ಬೀಳುತ್ತೆ, ಸಾಯುತ್ತೆ. ಮನುಷ್ಯರಿಗೂ ಹತ್ತುತ್ತೆ, ಅದರಲ್ಲೂ ಮಣ್ಣಲ್ಲಿ ಆಡಿ ಬೆರಳು ಬಾಯಿಗೆ ಹಾಕೋ ಚಿಕ್ಕ ಮಕ್ಕಳಿಗೆ. ಮಾಮೂಲಿ ಸೋಂಕುನಿವಾರಕಕ್ಕೆ ಆ ಮೊಟ್ಟೆ ಜಗ್ಗಲ್ಲ. ಕುದಿಯೋ ನೀರು ಬೇಕು, ಇಲ್ಲಾಂದ್ರೆ ಬೆಂಕಿ ಬೇಕು. ಹೊಸ ರಕೂನ್ ಬಂದ ದಿನವೇ ಅದನ್ನ ಮಣ್ಣಿನ ನೆಲದ ಆವರಣಕ್ಕೆ ಬಿಟ್ಟರೆ ಆ ಮಣ್ಣಿನ ಕಥೆ ಮುಗೀತು. ಸಿಮೆಂಟ್ ನೆಲದ ಕೋಣೆಯಲ್ಲಿಟ್ಟು, ಜಂತುಹುಳದ ಮದ್ದು ಕೊಟ್ಟು, ದಿನಾ ಮಲ ಎತ್ತಿ ಸುಟ್ಟರೆ ಸಮಸ್ಯೆ ಆ ಕೋಣೆಯಲ್ಲೇ ಮುಗಿಯುತ್ತೆ. ಇನ್ನೊಂದು ಮಾತು. ರಕೂನ್ ಮರಿಗಳಲ್ಲಿ ಹುಳ ಬಲಿತು ಮಲದಲ್ಲಿ ಮೊಟ್ಟೆ ಕಾಣಿಸೋಕೆ 50 ದಿನಕ್ಕೂ ಹೆಚ್ಚು ಬೇಕಾಗಬಹುದು. ಅದಕ್ಕೇ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೂ ಮದ್ದು ಕೊಡೋದನ್ನ ಬಿಡಬಾರದು.

ಈಗ ಬೂಟಿಗೆ ವಾಪಸ್ ಬರೋಣ. ಕ್ವಾರಂಟೈನ್ ಕೋಣೆಗೆ ಬೇರೆ ಬೂಟು, ಬೇರೆ ಮೇಲಂಗಿ, ಬೇರೆ ಬಕೆಟ್, ಬೇರೆ ಪೊರಕೆ. ಒಂದೇ ಬಣ್ಣದವು ಕೊಂಡರೆ ಗಡಿಬಿಡಿಯಲ್ಲಿ ಅದಲುಬದಲಾಗುತ್ತವೆ. ಕೋಣೆಯೊಳಗಿನ ಸಾಮಾನೆಲ್ಲ ಕೆಂಪು, ಹೊರಗಡೆ ಎಲ್ಲೂ ಕೆಂಪು ಕಾಣಬಾರದು, ಹಾಗೆ ಇಟ್ಕೊಳ್ಳಿ. ಬಾಗಿಲಲ್ಲಿ ಕಾಲು ಅದ್ದೋ ತೊಟ್ಟಿ ಇಡಿ. ಆ ಗುಲಾಬಿ ಬಣ್ಣದ ಪೆರಾಕ್ಸಿ ಸೋಂಕುನಿವಾರಕ ಪುಡಿ ಇದೆಯಲ್ಲ, ಅದಾದರೆ ಶೇಕಡಾ 1, ಅಂದ್ರೆ ಹತ್ತು ಲೀಟರ್ ನೀರಿಗೆ 100 ಗ್ರಾಂ. ತುಂಬಾ ಜನ ತಪ್ಪು ಮಾಡೋದು ಎಲ್ಲಿ ಗೊತ್ತಾ? ಲದ್ದಿ ಮೆತ್ತಿದ ಬೂಟನ್ನ ಹಾಗೇ ಅದ್ದಿ ನಡೆದುಬಿಡ್ತಾರೆ. ಸಗಣಿ, ಮಣ್ಣು ಸೇರಿದ ಕೂಡಲೇ ಮದ್ದಿನ ಶಕ್ತಿ ಅಲ್ಲೇ ಖರ್ಚಾಗಿಬಿಡುತ್ತೆ. ಮೊದಲು ಬ್ರಷ್ ಹಾಕಿ ನೀರಲ್ಲಿ ಉಜ್ಜಬೇಕು, ಅಟ್ಟೆಯ ಗೆರೆಗಳ ಒಳಗಿಂದ ಎಲ್ಲ ತೆಗೀಬೇಕು, ಆಮೇಲೆ ಅದ್ದಬೇಕು. ಮದ್ದು ಕೆಲಸ ಮಾಡೋಕೆ ಸುಮಾರು ಹತ್ತು ನಿಮಿಷ ಬೇಕು, ಎರಡು ಸೆಕೆಂಡ್ ಅದ್ದೋದರಿಂದ ಆಗೋದಲ್ಲ. ಅದಕ್ಕೇ ಬೇರೆ ಬೂಟೇ ಸರಿಯಾದ ದಾರಿ, ತೊಟ್ಟಿ ಅದರ ಮೇಲಿನ ಕಾವಲು. ದಿನಾ ಬದಲಾಯಿಸಿ. ಗುಲಾಬಿ ಬಣ್ಣ ಮಾಸಿದ್ರೆ ಆ ಕ್ಷಣವೇ ಚೆಲ್ಲಿ.

ಕೆಲಸ ಮಾಡೋ ಸರದಿ: ಮೊದಲು ಮರಿಗಳು ಮತ್ತು ವಯಸ್ಸಾದವು, ಆಮೇಲೆ ಗಟ್ಟಿಮುಟ್ಟಾದವು, ಆಮೇಲೆ ಕಾಯಿಲೆಯವು, ಕ್ವಾರಂಟೈನ್ ಕಟ್ಟಕಡೆಗೆ. ಮುಗಿಸಿ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಅವತ್ತು ಇನ್ಯಾವ ಪ್ರಾಣಿ ಹತ್ರಾನೂ ಹೋಗಬೇಡಿ. ಮಧ್ಯಾಹ್ನ ಅಲ್ಲಿ ಏನೋ ಎಡವಟ್ಟಾಗಿ ಒಳಗೆ ಹೋಗಲೇಬೇಕಾಯ್ತು ಅಂದ್ರೆ ಮತ್ತೆ ಸ್ನಾನ. ನಾಲ್ಕು ಜನ ಇರೋ ಮನೇಲಿ ಒಬ್ಬರನ್ನ ಆ ತಿಂಗಳು ಪೂರ್ತಿ ಅದಕ್ಕೇ ಬಿಡೋಕಾದ್ರೆ ಅದಕ್ಕಿಂತ ಒಳ್ಳೇದಿಲ್ಲ.

ಇದರ ಮಧ್ಯೆ ಒಂದು ಮಾತು ಹೇಳಿಬಿಡ್ತೀನಿ: ಈ ಚಾನೆಲ್ ನೋಡ್ತಿರೋರಲ್ಲಿ ಸಬ್‌ಸ್ಕ್ರೈಬ್ ಮಾಡದೇ ಇರೋರು ಜಾಸ್ತಿ ಇದ್ದೀರಿ. ಮಾಡಿ. ಕ್ರೇಟ್ ತರಬೇತಿ, ಅಂದ್ರೆ ಪ್ರಯಾಣದ ಪೆಟ್ಟಿಗೆಗೆ ಪ್ರಾಣಿನ ಒಗ್ಗಿಸೋದರ ಬಗ್ಗೆ ಹಳೇ ಸಂಚಿಕೆ ಇದೆ, ಪ್ರಾಣಿ ತರಿಸೋಕೆ ಮೊದಲು ಅದನ್ನ ನೋಡಿ.

ಸರಿ. ಎರಡನೇ ವಾದ: "ಆರೋಗ್ಯ ಪ್ರಮಾಣಪತ್ರ ಇದೆಯಲ್ಲ, ಮತ್ಯಾಕೆ?" ಅಯ್ಯೋ! ಆ ಪತ್ರ ಏನು ಹೇಳುತ್ತೆ? ಆ ದಿನ, ಆ ವೈದ್ಯರ ಕಣ್ಣಿಗೆ, ಆ ಪ್ರಾಣಿಯಲ್ಲಿ ರೋಗ ಕಾಣಿಸಲಿಲ್ಲ ಅಂತ. ಅಷ್ಟೇ. ಅಡಗಿದ್ದ ರೋಗ ಮೇಲೆ ಬರೋದೇ ಪ್ರಯಾಣ ಆದಮೇಲೆ. ಪೆಟ್ಟಿಗೆ, ಲಾರಿ, ಸದ್ದು, ನೀರಿಲ್ಲದ ಗಂಟೆಗಳು, ಇವೆಲ್ಲ ಸೇರಿ ಮೈಯ ಪ್ರತಿರೋಧ ಕುಗ್ಗುತ್ತೆ. ಅಲ್ಲಿ ತೆಪ್ಪಗಿದ್ದ ಹಲ್ಲಿ, ಆಮೆ ಇಲ್ಲಿಗೆ ಬಂದಮೇಲೆ ಮಲದಲ್ಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಚೆಲ್ಲೋಕೆ ಶುರು ಮಾಡುತ್ತೆ. ಗಿಳಿರೋಗ ಹೊತ್ತ ಗಿಳಿ ನೋಡೋಕೆ ಚೆನ್ನಾಗೇ ಇರುತ್ತೆ, ಹಿಕ್ಕೆಯಲ್ಲಿ ಬಿಟ್ಟು ಬಿಟ್ಟು ರೋಗಾಣು ಹೊರಹಾಕ್ತಿರುತ್ತೆ. ಆ ರೋಗ ಮನುಷ್ಯರ ಶ್ವಾಸಕೋಶಕ್ಕೂ ಬರುತ್ತೆ. ಅದರ ಡಾಕ್ಸಿಸೈಕ್ಲಿನ್ ಚಿಕಿತ್ಸೆ ಎಷ್ಟು ದಿನ ಗೊತ್ತಾ? ರೂಢಿಯಲ್ಲಿರೋದು 45 ದಿನ. ಬರೀ ಚಿಕಿತ್ಸೆಗೇ ಒಂದೂವರೆ ತಿಂಗಳು, ನೀವು ತಿಂಗಳೇ ಜಾಸ್ತಿ ಅಂತೀರಿ.

ಕ್ವಾರಂಟೈನ್ ಅಂದ್ರೆ ಕನಿಷ್ಠ ಮೂವತ್ತು ದಿನ ಅನ್ನೋದನ್ನ ಯಾರೂ ಆಕಾಶದಿಂದ ಇಳಿಸಿಲ್ಲ. ಕೋತಿ ಜಾತಿಗೆ ಕ್ಷಯದ ಚರ್ಮಪರೀಕ್ಷೆ ಮಾಡಬೇಕು. ಸಾಮಾನ್ಯವಾಗಿ ಕಣ್ಣಿನ ಮೇಲಿನ ರೆಪ್ಪೆಯಲ್ಲಿ ಸಣ್ಣ ಸೂಜಿಯಿಂದ ಟ್ಯೂಬರ್ಕ್ಯುಲಿನ್ ಕೊಡ್ತಾರೆ, 24, 48, 72 ಗಂಟೆಗೆ ಊತ ಬಂತಾ ಅಂತ ನೋಡ್ತಾರೆ. ಒಂದು ಸಲ ಸಾಲದು, ಎರಡೆರಡು ವಾರ ಬಿಟ್ಟು ಮೂರು ಸಲ. ಲೆಕ್ಕ ಹಾಕಿ: ಮೊದಲನೇದರಿಂದ ಮೂರನೇದಕ್ಕೆ 28 ದಿನ, ಅದನ್ನ ಓದೋಕೆ ಮೂರು ದಿನ. ಮೂವತ್ತೊಂದು ಆಯ್ತು. ಮಲಪರೀಕ್ಷೆಯೂ ಹಾಗೇ, ಒಂದು ಸಲ ಏನೂ ಇಲ್ಲ ಅಂದ್ರೆ ಅದಕ್ಕೆ ಬೆಲೆ ಇಲ್ಲ, ಹುಳಗಳು ದಿನಾ ಒಂದೇ ಸಮ ಮೊಟ್ಟೆ ಇಡಲ್ಲ. ದಿನ ಬಿಟ್ಟು ಮೂರು ಸಲವಾದರೂ ನೋಡಬೇಕು. ಹಾವಿಗೆ 90 ದಿನ ಇಡೋದು ಒಳ್ಳೇದು. ಹಾವಿನ ಹೊಟ್ಟೆಗೆ ಹತ್ತೋ ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಸೂಕ್ಷ್ಮ ಪರಾವಲಂಬಿಗೆ ನೆಚ್ಚಬಹುದಾದ ಮದ್ದಿಲ್ಲ, ಕ್ಲೋರಿನ್‌ಗೂ ಅದು ಸಾಯಲ್ಲ. ಹೊಟ್ಟೆಯ ಮಧ್ಯಭಾಗ ಊದಿಕೊಂಡು, ತಿಂದ ಇಲಿಯನ್ನ ಹಾವು ಕಕ್ಕೋ ಹೊತ್ತಿಗೆ ನಿಮ್ಮ ಇಕ್ಕಳ ಬೇರೆ ಎಷ್ಟು ಪೆಟ್ಟಿಗೆ ಮುಟ್ಟಿರುತ್ತೆ ಹೇಳಿ!

ಇನ್ನೊಂದು ನಿಯಮ ಇದೆ, ಚಿಕ್ಕ ಝೂಗಳು ಮುರಿಯೋದು ಇದನ್ನೇ. ಹತ್ತನೇ ದಿನ ಅದೇ ಕೋಣೆಗೆ ಇನ್ನೊಂದು ಪ್ರಾಣಿ ಬಂದ್ರೆ ಮೊದಲಿನದಕ್ಕೂ ದಿನ ಒಂದರಿಂದ ಎಣಿಸಬೇಕು. "ಜಾಗ ಇತ್ತು ಅಂತ ಇನ್ನೊಂದನ್ನ ಹಾಕಿದ್ವಿ" ಅಂತಾರಲ್ಲ, ಆಗಲೇ ಹತ್ತು ದಿನದ ಕಷ್ಟ ನೀರಲ್ಲಿ ಹೋಮ.

ಮೂರನೇ ವಾದ ಕರುಳು ಹಿಂಡೋ ಥರದ್ದು: "ಪಾಪ, ಒಂಟಿಯಾಗಿ ಕೂಡಿಹಾಕಿದ್ದಾರೆ." ಯಾರು ಹೇಳಿದ್ದು ಒಂಟಿ ಅಂತ? ಜೊತೆಗೆ ಬಂದವು ಜೊತೆಗೇ ಇರ್ತವೆ. ಹಳೇ ಝೂನಿಂದ ಅವುಗಳದ್ದೇ ವಾಸನೆ ಇರೋ ಹುಲ್ಲು, ಗೂಡುಪೆಟ್ಟಿಗೆ ತರಿಸಿ. ಅಲ್ಲಿ ತಿಂತಿದ್ದ ಮೇವೂ ಎರಡು ವಾರಕ್ಕಾಗುವಷ್ಟು ಬರಲಿ. ಮೂರ್ನಾಲ್ಕು ದಿನ ಪೂರ್ತಿ ಅದೇ, ಆಮೇಲೆ ಕಾಲುಭಾಗ ಹೊಸದು, ಆಮೇಲೆ ಅರ್ಧ, ಹೀಗೆ. ಮೆಲುಕು ಹಾಕೋ ಪ್ರಾಣಿಗೆ ಇದು ಪ್ರಾಣದ ಪ್ರಶ್ನೆ. ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗೋಕೆ ಹತ್ತು ದಿನ, ಎರಡು ವಾರ ಬೇಕು. ಬಂದ ದಿನವೇ ಉಪಚಾರ ಅಂತ ಬುಟ್ಟಿ ಕಾಳು ಸುರಿದ್ರೆ ಹೊಟ್ಟೆ ಹುಳಿಯಾಗಿ ಮಲಗಿಬಿಡುತ್ತೆ.

ಬರೋ ದಿನ ಪ್ರಾಣಿ ಬೆಳಿಗ್ಗೆ ತಲುಪೋ ಹಾಗೆ ನೋಡ್ಕೊಳ್ಳಿ, ಸಂಜೆ ಬೇಡ. ಗೋಡೆ ಎಲ್ಲಿ, ನೀರು ಎಲ್ಲಿ ಅಂತ ಬೆಳಕಲ್ಲಿ ತಿಳ್ಕೊಳ್ಳಲಿ. ಪೆಟ್ಟಿಗೆ ಸಮೇತ ತೂಕ ಮಾಡಿ, ಆಮೇಲೆ ಖಾಲಿ ಪೆಟ್ಟಿಗೆ ತೂಗಿ ಕಳೆಯಿರಿ. ಪ್ರಾಣಿನ ಹಿಡೀದೆ ಮೊದಲ ತೂಕ ಸಿಕ್ಕಿತು. ಮೈಕ್ರೋಚಿಪ್ ಸಂಖ್ಯೆ ದಾಖಲೆಯ ಜೊತೆ ತಾಳೆ ಆಗುತ್ತಾ ನೋಡಿ. ಕ್ರೇಟ್ ಬಾಗಿಲು ತೆಗೆದು ಹಿಂದೆ ಸರೀರಿ. ಕೋಲಲ್ಲಿ ತಿವಿಯೋದು, ಪೆಟ್ಟಿಗೆ ಅಲುಗಾಡಿಸೋದು ಬೇಡ. ಮೊದಲು ನೀರು, ಮೇವು ಸ್ವಲ್ಪ. ಜಿಂಕೆ, ಹುಲ್ಲೆ ಜಾತಿಯಾದ್ರೆ ತಂತಿಬೇಲಿಗೆ ಮೊದಲೇ ಗೋಣಿತಾಟು ಕಟ್ಟಿರಬೇಕು. ಬೆದರಿದ ಹುಲ್ಲೆಗೆ ತಂತಿ ಕಾಣಲ್ಲ, ನೇರ ನುಗ್ಗಿ ಕತ್ತು ಮುರ್ಕೊಳ್ಳುತ್ತೆ. ಓಡಿ ಓಡಿ ಸ್ನಾಯು ಕರಗಿ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿ, ದಿನಗಳಾದ ಮೇಲೆ ಸಾಯೋದೂ ಉಂಟು. ಸ್ವಿಸ್ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್, ಬರ್ನ್, ಬಾಸೆಲ್, ಜ್ಯೂರಿಕ್ ಝೂಗಳನ್ನ ನಡೆಸಿದವರು, ಪ್ರತಿ ಪ್ರಾಣಿಗೂ ಒಂದು ಓಟದ ಅಂತರ ಇರುತ್ತೆ, ಅದರೊಳಗೆ ಯಾರಾದ್ರೂ ಬಂದ್ರೆ ಅದು ಓಡುತ್ತೆ ಅಂತ ವಿವರಿಸಿದ್ರು. ಹೊಸ ಜಾಗದಲ್ಲಿ ಬೆದರಿರೋ ಪ್ರಾಣಿಗೆ ಆ ಅಂತರ ಕೊಡೋದು ಆ ಕ್ವಾರಂಟೈನ್ ಕೋಣೆಯೇ, ಮೊಬೈಲ್ ಹಿಡ್ಕೊಂಡು ಸಾಲು ನಿಂತ ಜನ ಕೊಡಲ್ಲ.

"ಹಿಂದಿನ ಕಾಲದ ಮನೆತನದ ಝೂಗಳು ಇದನ್ನೆಲ್ಲ ಮಾಡ್ತಿದ್ವಾ?" ಅಂತ ಕೇಳೋರೂ ಇದ್ದಾರೆ. ಹ್ಯಾಂಬರ್ಗ್‌ನ ಹಾಗೆನ್‌ಬೆಕ್ ಮನೆತನ 1907ರಲ್ಲಿ ಸರಳುಗಳ ಬದಲು ಕಂದಕ ತೋಡಿ ಝೂ ತೆರೆಯಿತು, ಸರಿ. ಅದೇ ಮನೆತನ ಪ್ರಾಣಿ ವ್ಯಾಪಾರವನ್ನೂ ಮಾಡ್ತಿತ್ತು. ಆ ಕಾಲದಲ್ಲಿ ಒಂದು ಸತ್ತರೆ ಕಾಡಿನಿಂದ ಇನ್ನೊಂದು ಹಿಡಿದು ತರ್ತಿದ್ರು. 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಸೈಟಿಸ್, ಅಂದ್ರೆ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದ, ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಇವತ್ತು ಅಪರೂಪದ ಪ್ರಾಣಿ ಹೆಚ್ಚಾಗಿ ಬರೋದು ಸಂತಾನೋತ್ಪತ್ತಿ ಕಾರ್ಯಕ್ರಮದಿಂದ, ವಂಶಾವಳಿ ದಾಖಲೆ ನೋಡ್ಕೊಳ್ಳೋರ ಶಿಫಾರಸಿನಿಂದ. ಬಂದ ಪ್ರಾಣಿಗಳನ್ನ ಕಳ್ಕೊಳ್ತಾ ಹೋಗೋ ಝೂಗೆ ಅವರು ಇನ್ನೊಂದು ಕೊಡ್ತಾರಾ?

ಕೊನೇ ವಾದ, ಎಲ್ಲಾ ವಾದಗಳ ತಾಯಿ: "ಟಿಕೆಟ್ ತಗೊಂಡು ಬಂದಿದ್ದೀವಿ, ತೋರಿಸಿ." ಮಾರ್ಮೊಸೆಟ್ ಗೊತ್ತಲ್ಲ, ಅಂಗೈಯಷ್ಟು ಕೋತಿ? ನಿಮ್ಮ ತುಟಿ ಮೇಲೆ ಜ್ವರದ ಗುಳ್ಳೆ ಏಳುತ್ತಲ್ಲ, ಆ ಹರ್ಪಿಸ್ ವೈರಸ್ ನಿಮಗೆ ನಾಲ್ಕು ದಿನದ ಕಿರಿಕಿರಿ, ಮಾರ್ಮೊಸೆಟ್‌ಗೆ ಸಾವು. ಪ್ರಯಾಣದಿಂದ ಹಣ್ಣಾಗಿ ಬಂದಿರೋ ಮಾರ್ಮೊಸೆಟ್ ಮುಂದೆ, ಒಂದು ಗಾಜೂ ಇಲ್ಲದೆ, ನಿಮ್ಮನ್ನ ತಂದು ನಿಲ್ಲಿಸಬೇಕಾ? ನಿಲ್ಲಿಸಲ್ಲ. ಟಿಕೆಟ್ ದುಡ್ಡು ವಾಪಸ್ ಬೇಕಾದ್ರೆ ಕೊಟ್ಟು ಕಳಿಸಲಿ, ನಿಲ್ಲಿಸೋದು ಬೇಡ.

ನೋಡಲೇಬೇಕಾ? ಕೋಣೆಯೊಳಗೆ ಕ್ಯಾಮೆರಾ ಹಾಕಿ, ಹೊರಗೆ ಟೀವಿ ಇಡಲಿ. ಇವತ್ತಿನ ತೂಕ, ಇವತ್ತು ಏನು ತಿಂತು ಅಂತ ಹಲಗೆ ಮೇಲೆ ಬರೆಯಲಿ. ಜನ ನಿಂತು ಓದ್ತಾರೆ, ಖಂಡಿತ ಓದ್ತಾರೆ.

ರಜೆ ಶುರುವಾಗೋ ದಿನಕ್ಕೆ ಹೊಸ ಪ್ರಾಣಿ ತೋರಿಸಬೇಕು ಅಂತಿದ್ರೆ ಎರಡು ತಿಂಗಳು ಮೊದಲೇ ತರಿಸಿ. ಕ್ವಾರಂಟೈನ್ ಕೋಣೆ ಇಲ್ವಾ? ಪ್ರಾಣಿ ತರಿಸಬೇಡಿ. ಕೋಣೆ ಕಟ್ಟಿ, ಆಮೇಲೆ ತರಿಸಿ. ಇಷ್ಟು ಹೇಳಿದ ಮೇಲೂ "ನಮ್ಮದು ಚಿಕ್ಕ ಝೂ" ಅಂತೀರಾ? ಚಿಕ್ಕದು ಅಂತಲೇ ಹೇಳ್ತಿರೋದು ನಾನು! ಇರೋದೇ ಒಂದು ಜೊತೆ ಬೂಟು ಅಂತ ತಾನೇ ಹೇಳ್ತಿರೋದು! ಇಪ್ಪತ್ತೊಂಬತ್ತನೇ ದಿನ ಬಂದು "ಇನ್ನೊಂದೇ ದಿನ ತಾನೇ" ಅಂದ್ರೂ ಇಲ್ಲ. ನಿಮ್ಮ ಬಂಧುಗಳು ಬಂದಿದ್ದಾರೆ ಅಂದ್ರೂ ಇಲ್ಲ. ಪೇಪರ್‌ನವರು ಬಂದಿದ್ದಾರೆ ಅಂದ್ರೂ ಇಲ್ಲ. ಇಲ್ಲ ಅಂದ್ರೆ ಇಲ್ಲ.

ಮುಂದಿನ ವಾರ ಮೀರ್‌ಕ್ಯಾಟ್, ಅದೇ ಮುಂಗುಸಿ ಜಾತಿಯ ಪುಟ್ಟ ಪ್ರಾಣಿ: ಕ್ವಾರಂಟೈನ್ ಮುಗಿಸಿದ ಹೊಸದನ್ನ ಹಳೇ ಗುಂಪಿಗೆ ಸೇರಿಸೋದು ಹೇಗೆ, ಮೊದಲು ವಾಸನೆ, ಆಮೇಲೆ ಜಾಲರಿ ಆಚೆಯಿಂದ ನೋಟ, ಯಾವ ಹಂತದಲ್ಲಿ ಕಚ್ಚಾಡ್ತವೆ, ಯಾವಾಗ ಬೇರೆ ಮಾಡಬೇಕು. ಗೂಡುಪೆಟ್ಟಿಗೆ ಅದರ ಮುಂದಿನ ವಾರ. ನಿಮ್ಮ ಕ್ವಾರಂಟೈನ್ ಕೋಣೆಯ ಅಳತೆ, ಚರಂಡಿ ಎತ್ತ ಹೋಗುತ್ತೆ ಅನ್ನೋದನ್ನ ಕೆಳಗೆ ಬರೀರಿ, ಒಂದೊಂದನ್ನೂ ಓದ್ತೀನಿ.