ತೊಗರಿಗೆ ಹುಳ ಬಿದ್ದಿದೆ, ಬೇವಿನ ಬೀಜ ಹಾಳಾಗಿದೆ

ನಮಸ್ಕಾರ ಎಲ್ಲರಿಗೂ. ಕಲಬುರಗಿ ಜಿಲ್ಲೆಯ ಜೇವರ್ಗಿ ಹತ್ತಿರದ ನಮ್ಮ ಹೊಲಕ್ಕೆ ಬಂದಿದ್ದೇನೆ. ನವೆಂಬರ್ ತಿಂಗಳು, ಹಳದಿ ಕಾಣುತ್ತಿದೆಯಲ್ಲ, ಅದೆಲ್ಲ ತೊಗರಿ ಹೂವು. 2 ಎಕರೆ ಅಷ್ಟೇ, ಅದರಲ್ಲೇ ಹೆಸರುಕಾಳೂ ಹಾಕಿದ್ದೆವು. ಹೆಸರು ಶ್ರಾವಣದ ಹೊತ್ತಿಗೇ ಮನೆ ಸೇರಿತು, ಆಮೇಲೆ ಹೊಲ ಪೂರ್ತಿ ತೊಗರಿಗೆ.

ಇಲ್ಲಿ ನೋಡಿ, ಹತ್ತಿರ ತೋರಿಸುತ್ತೇನೆ. ಕಾಯಿಕೊರಕ. ತಲೆ ಕಾಯಿಯ ಒಳಗೆ, ಮೈ ಹೊರಗೆ. ಒಂದು ಕಾಯಿ ಖಾಲಿ ಮಾಡಿ ಇನ್ನೊಂದಕ್ಕೆ ಹೋಗುತ್ತದೆ. ಇದಕ್ಕೇ ಇವತ್ತು ಓಣಿಯವರೆಲ್ಲ ಮುಯ್ಯಿಗೆ ಬಂದಿದ್ದಾರೆ. ನಾಳೆ ಅವರ ಹೊಲಕ್ಕೆ ನಾವು.

ಸಾಲಿನ ನಡುವೆ ತಾಡಪತ್ರಿ ಎಳೆಯುವುದು, ಗಿಡ ಬಗ್ಗಿಸಿ ಅಲುಗಾಡಿಸುವುದು. ಕಾಣುತ್ತಿದೆ ಅಲ್ವಾ, ಎಷ್ಟು ಬಿದ್ದವು! ಇವು ಕೋಳಿಗಳಿಗೆ. ಹೋದ ವರ್ಷ ಇದೆಲ್ಲ ಸುಮ್ನೆ ಮೈನೋವು ಅಂತ ನಾನೇ ಹೇಳಿದ್ದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ. ದೊಡ್ಡ ಹುಳಕ್ಕೆ ಇದೇ ಸರಿ, ಯಾಕೆಂದರೆ ಅದು ಬೆಳೆದಷ್ಟೂ ಔಷಧಿಗೆ ಜಗ್ಗುವುದಿಲ್ಲ. ಬೇವಿನ ಬೀಜದ ಕಷಾಯ ಕೆಲಸ ಮಾಡುವುದು ಮೊಟ್ಟೆ, ಮರಿಹುಳ ಇರುವಾಗ.

ಕಷಾಯದ ವಿಷಯ ಹೇಳಲೇಬೇಕು, ಬೆಳಗ್ಗೆಯಿಂದ ಅದೇ ಸಂಕಟ. ಜೂನ್‌ನಲ್ಲಿ ಊರ ಬೇವಿನ ಮರಗಳ ಕೆಳಗೆ ಬಿದ್ದ ಹಣ್ಣನ್ನು ಅವ್ವ, ಆಯಿ (ನಮ್ಮ ಅಜ್ಜಿ), ನಾನು ಆರಿಸಿದ್ದೆವು. ಎಂಟು ದಿನದ ಕೆಲಸ. ತಿರುಳು ತೊಳೆದು ನೆರಳಲ್ಲಿ ಒಣಗಿಸುವ ತನಕ ಎಲ್ಲ ಸರಿ ಇತ್ತು. ಆಮೇಲೆ ಮಳೆ ಹಿಡಿಯಿತು. ನೀರು ತಾಗಬಾರದು ಅಂತ ನಾನು ಬೀಜವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಅಟ್ಟಕ್ಕೆ ಹಾಕಿದೆ. ನಿನ್ನೆ ಬಿಚ್ಚಿದರೆ 20 ಕೆಜಿಯಲ್ಲಿ 12 ಕೆಜಿಗೆ ಬೂಷ್ಟು! ಕೈ ಹಾಕಿದರೆ ಬಿಸಿ, ಮೂಗಿಗೆ ಹೊಡೆಯುವ ವಾಸನೆ. ಆಯಿ ನೋಡಿ, "ಬೇವಿನ ಬೀಜಕ್ಕ ಗಾಳಿ ಬೇಕಪಾ, ಗೋಣಿಚೀಲದಾಗ ಇಡಬೇಕಿತ್ತು" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು, ಆ ವಯಸ್ಸಿನಲ್ಲಿ ಬಗ್ಗಿ ಬಗ್ಗಿ ಆರಿಸಿದ್ದು ಅವರು. ಬೂಷ್ಟು ಹಿಡಿದ ಬೀಜದಲ್ಲಿ ಸತ್ವ ಇರುವುದಿಲ್ಲ, ಅದನ್ನು ಹಾಕಿ ಸಿಂಪಡಿಸಿದರೆ ನೀರು ಹೊಡೆದಂತೆ. ಪೇಟೆಗೆ ಹೋದರೆ ಕೆಜಿಗೆ 60 ರೂಪಾಯಿ. 12 ಕೆಜಿಗೆ 720, ಮೇಲೆ ಬಸ್ಸಿನ ಖರ್ಚು. ನಮ್ಮ ಮರದ ಕೆಳಗೆ ಪುಕ್ಕಟೆ ಬೀಳುವ ವಸ್ತು ಅದು! ಅಂಗಡಿಯವನ ಮೇಲೆ ಸಿಟ್ಟಿಲ್ಲ, ಅವನು ಗೋಣಿಚೀಲದಲ್ಲೇ ಇಟ್ಟಿದ್ದ.

ಅಳತೆ ಕೇಳುವವರಿಗೆ: 100 ಲೀಟರ್‌ಗೆ 5 ಕೆಜಿ ಬೀಜದ ಪುಡಿ. ರಾತ್ರಿ ಸ್ವಲ್ಪ ನೀರಲ್ಲಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಉಳಿದ ನೀರು ಸೇರಿಸಿ, 100 ಗ್ರಾಂ ಸೋಪಿನ ಪುಡಿ ಹಾಕಬೇಕು. ಸೋಪು ಇಲ್ಲದಿದ್ದರೆ ಎಲೆ ಮೇಲೆ ನಿಲ್ಲುವುದಿಲ್ಲ. ಸಿಂಪಡಿಸುವುದು ಸಂಜೆಗೆ, ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ.

ಆ ಎತ್ತರದ ಜೋಳದ ಗಿಡ ನೋಡಿ, ಕಾಜಾಣ ಕೂತಿದೆ! ತೊಗರಿ ಬಿತ್ತುವಾಗ ನಾಲ್ಕು ಜೋಳದ ಕಾಳು ಬೆರೆಸುವುದು ಅದಕ್ಕೇ, ಹಕ್ಕಿ ಕೂರಲಿ, ಹುಳ ತಿನ್ನಲಿ ಅಂತ. ಜಾಗ ದಂಡ ಅನ್ನುವವರು ಇದ್ದಾರೆ. ಒಂದು ಸಂಜೆ ಬಂದು ಇಲ್ಲಿ ನಿಲ್ಲಲಿ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಈ ಎರೆಮಣ್ಣಿನ ರುಚಿಗೇ ಸಿಕ್ಕಿದ್ದು. ಆದರೆ ನಾವು ಮಾರುವುದು ಕಾಳು, ಹೆಸರು ಬರುವುದು ಬೇಳೆಗೆ. ಊರಲ್ಲೇ ಬೇಳೆ ಮಾಡಿ ಮಾರಿದರೆ ನಾಲ್ಕು ಕಾಸು ಜಾಸ್ತಿ ಉಳಿಯುತ್ತದೆ, ಈ ಸಲ ಒಂದೆರಡು ಚೀಲಕ್ಕಾದರೂ ಮಾಡಬೇಕು. ಇನ್ನು ಎಳ್ಳಮಾವಾಸ್ಯೆ ಬಂದರೆ ಇದೇ ಬದುವಿನ ಮೇಲೆ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆ ಚೆಲ್ಲಿ, ಸಜ್ಜೆ ರೊಟ್ಟಿ, ಹಸಿ ತೊಗರಿಕಾಳು ಹಾಕಿದ ಭಜ್ಜಿ ಪಲ್ಯ, ಅವ್ವನ ಕೈಯ ಭಜ್ಜಿ ಅಂದರೆ...

ತಡೆಯಿರಿ, ಬಿಸಿಲು ಇಳಿಯಿತು, ಕಾಕಾ ಪಂಪು ತುಂಬಿಸಿ ಕರೆಯುತ್ತಿದ್ದಾರೆ. ಹೊರಟೆ.